ಕಾರಿನ ತೂಕ ಇಳಿಸಿದರೆ ಪಿಕಪ್ ನಿಜವಾಗಿ ಹೆಚ್ಚುತ್ತಾ?

ಹೌದು, ಹೆಚ್ಚುತ್ತದೆ. ಗೋವಾದಿಂದ ಬೆಳಗಾವಿಗೆ ವಾಪಸ್ ಬರುವಾಗ ಚೋರ್ಲಾ ಘಾಟ್‌ನಲ್ಲಿ ಸಣ್ಣ ಕಾರು ಏದುಸಿರು ಬಿಡುತ್ತಲ್ಲ, ಅಂಥ ಏರಿನಲ್ಲೇ ಇದರ ಫಾಯಿದೆ ಜಾಸ್ತಿ ಗೊತ್ತಾಗುವುದು.

ಎಂಜಿನ್ ಕೊಡುವ ಎಳೆತ ಬದಲಾಗುವುದಿಲ್ಲ. ಎಳೆಯಬೇಕಾದ ಭಾರ ಕಡಿಮೆಯಾದರೆ ಅದೇ ಎಳೆತಕ್ಕೆ ಕಾರು ಬೇಗ ವೇಗ ಹಿಡಿಯುತ್ತದೆ. ಏರಿನಲ್ಲಂತೂ ಕಾರನ್ನು ಹಿಂದಕ್ಕೆ ಜಗ್ಗುವುದೇ ಅದರ ತೂಕ. ಕಾರು, ಜನ, ಸಾಮಾನು ಸೇರಿ 1200 ಕಿಲೋ ಇದೆ ಅಂದುಕೊಳ್ಳಿ. ಅದರಲ್ಲಿ 60 ಕಿಲೋ ಇಳಿಸಿದರೆ ಪಿಕಪ್ ಸುಮಾರು 5% ಸುಧಾರಿಸುತ್ತದೆ. ಬ್ರೇಕ್ ಮೇಲಿನ ಹೊರೆಯೂ ಇಳಿಯುತ್ತದೆ. ಸಪಾಟು ಹೈವೇಯಲ್ಲಿ ಟಾಪ್ ಸ್ಪೀಡ್ ಮಾತ್ರ ಹೆಚ್ಚೇನೂ ಏರುವುದಿಲ್ಲ. ಅಲ್ಲಿ ಎಂಜಿನ್ ಗುದ್ದಾಡುವುದು ಗಾಳಿಯ ಜೊತೆ.

ಮೊದಲು ಡಿಕ್ಕಿ ತೆರೆದು ನೋಡಿ. ಸುಮ್ನೆ ಹೊತ್ತು ತಿರುಗುವ ಸಾಮಾನು ಎಷ್ಟಿರುತ್ತದೆ! 20 ಲೀಟರ್ ನೀರಿನ ಕ್ಯಾನ್ ಒಂದೇ 20 ಕಿಲೋ. ಖಾಲಿ ಇರುವ ರೂಫ್ ಕ್ಯಾರಿಯರ್ ಬಿಚ್ಚಿಡಿ, ತೂಕದ ಜೊತೆ ಗಾಳಿಯ ತಡೆಯೂ ಕಡಿಮೆಯಾಗುತ್ತದೆ. ಚಂದಕ್ಕೆ ಅಂತ ದೊಡ್ಡ, ಭಾರದ ಚಕ್ರ ಹಾಕಿಸಿದ್ದರೆ ಕಂಪನಿಯ ಅಳತೆಗೇ ಮರಳಿ. ಚಕ್ರ ಮುಂದೆ ಸಾಗುವುದಷ್ಟೇ ಅಲ್ಲ, ತಿರುಗಲೂ ಬೇಕಲ್ವಾ? ಹಾಗಾಗಿ ಅದರ ಭಾರ ಎಂಜಿನ್‌ಗೆ ಹೆಚ್ಚು ದುಬಾರಿ.

ಸೀಟು, ಏರ್‌ಬ್ಯಾಗ್, ಬಂಪರ್ ಒಳಗಿನ ಕಬ್ಬಿಣ ಇವನ್ನು ದಯವಿಟ್ಟು ಮುಟ್ಟಬೇಡಿ. ಅಪಘಾತವಾದರೆ ಜೀವ ಕಾಯುವುದು ಅವೇ. ಸ್ಟೆಪ್ನಿಯೂ ಇರಲಿ. ಬೆಳಗಾವಿಯಿಂದ ಗೋವಾಕ್ಕೆ ಹೋಗುವಾಗ ಜಾಂಬೋಟಿ ದಾಟಿದ ಮೇಲೆ ಕಾಡಿನ ದಾರಿ, ರಾತ್ರಿ ಪಂಕ್ಚರ್ ಆದರೆ ಅದೇ ಗತಿ.