ಳ ಬಂದ್ರೆ ಏನು ಮಾಡೋದು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಮನೆಮಂದಿಯೆಲ್ಲ ಟೆಂಪೊ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆವು. ದಾರಿಯಲ್ಲಿ ಊರಿನ ಹೆಸರಿನ ಅಂತ್ಯಾಕ್ಷರಿ ಶುರುವಾಯಿತು. ತೀರ್ಥಹಳ್ಳಿ ದಾಟುವಷ್ಟರಲ್ಲಿ ಜಗಳ! ನನ್ನ ತಮ್ಮ 'ಕೊಪ್ಪಳ' ಅಂದ. ಳದಿಂದ ಊರೇ ಇಲ್ಲವಲ್ಲ ಎಂದರೆ 'ಹಾಗಾದ್ರೆ ನೀವು ಸೋತ್ರಿ' ಅಂದ. ಬೆಂಗಳೂರಿನಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದುವ ಮೊಮ್ಮಗ, ದ ಬಂದಾಗ 'ಧರ್ಮಸ್ಥಳ' ಅಂದ. 'ಅದು ಧ ಕಣೋ, ದ ಅಲ್ಲ' ಅಂತ ಅವನನ್ನು ಔಟ್ ಮಾಡಿದರು. ಆಮೇಲೆ ಅವನು ಬಾಯಿ ಬಿಡಲಿಲ್ಲ. ಈ ಆಟಕ್ಕೆ ಸರಿಯಾದ ನಿಯಮ ಅಂತ ಇದೆಯೇ? ಇಂಗ್ಲಿಷ್ ಪದ ಹೇಳಲು ಬಿಡಬಹುದೇ? ಟಿ. ನರಸೀಪುರವನ್ನು ಟ ಅಕ್ಷರಕ್ಕೆ ಒಪ್ಪಬೇಕೇ? ಮುಂದಿನ ತಿಂಗಳು ಮನೆಯಲ್ಲಿ ನಾಮಕರಣ. ನೆಂಟರು ಸೇರಿದಾಗ ಏನು ಆಡಬಹುದು?"

ಸಂಪಾದಕರ ಉತ್ತರ:

ನಮಸ್ಕಾರ ಅಮ್ಮ,

ಮೊದಲು ನಿಮ್ಮ ಮೊಮ್ಮಗನ ವಿಷಯ. ಅವನು ಹೇಳಿದ್ದು ಸರಿ. ದಯವಿಟ್ಟು ಅವನಿಗೆ ಫೋನ್ ಮಾಡಿ ಹೇಳಿಬಿಡಿ. ನಾವು ಮಾತಾಡುವಾಗ ದ ಮತ್ತು ಧ ನಡುವೆ ಎಷ್ಟು ಜನ ವ್ಯತ್ಯಾಸ ಮಾಡುತ್ತೇವೆ? ಧೂಳನ್ನು 'ದೂಳು' ಅಂತಲೇ ಅನ್ನುತ್ತೇವೆ, ಭತ್ತವನ್ನು 'ಬತ್ತ' ಅನ್ನುತ್ತೇವೆ. ಬರೆಯುವಾಗ ತಿದ್ದಿಕೊಳ್ಳೋಣ, ಅದು ಬೇರೆ ಮಾತು. ಇದು ಬಾಯಿಮಾತಿನ ಆಟ. ಅಲ್ಪಪ್ರಾಣ, ಮಹಾಪ್ರಾಣ ಒಂದೇ ಎಂದು ಮೊದಲೇ ಒಪ್ಪಿಕೊಂಡರೆ ಆಟ ಸಲೀಸು. ಇಲ್ಲದಿದ್ದರೆ ಛ, ಝ, ಢ ಬಂದಾಗ ದೊಡ್ಡವರೂ ಆಕಾಶ ನೋಡಬೇಕಾಗುತ್ತದೆ. ಝರಿ, ಝೇಂಕಾರ ಆದಮೇಲೆ ಮೂರನೆಯದು ಹೇಳಿ ನೋಡೋಣ!

ಇನ್ನು ಳ. ಕನ್ನಡ ವರ್ಣಮಾಲೆಯ 49 ಅಕ್ಷರಗಳಲ್ಲಿ ವ್ಯಂಜನಗಳು 34. ಅವುಗಳಲ್ಲಿ ಙ, ಞ, ಣ, ಳ ಈ ನಾಲ್ಕರಿಂದ ಶುರುವಾಗುವ ಪದ ನಮ್ಮ ಬಳಕೆಯಲ್ಲಿ ಇಲ್ಲ. ಙ, ಞ ಒಂಟಿಯಾಗಿ ಪದದ ಕೊನೆಗೂ ಬರುವುದಿಲ್ಲ, ಹಾಗಾಗಿ ಅವುಗಳ ಕಾಟವಿಲ್ಲ. ಕಷ್ಟ ಇರುವುದು ಣ, ಳ ಎರಡರದ್ದೇ. ಯಾಕೆಂದರೆ ಪದದ ಕೊನೆಯಲ್ಲಿ ಅವು ಧಾರಾಳವಾಗಿ ಬರುತ್ತವೆ. ಊರುಗಳನ್ನೇ ನೋಡಿ. ಕೊಪ್ಪಳ, ಕಾರ್ಕಳ, ಭಟ್ಕಳ, ಬಂಟ್ವಾಳ, ನೀವು ಹೊರಟಿದ್ದ ಧರ್ಮಸ್ಥಳ. ಜೊತೆಗೆ ಹುಬ್ಬಳ್ಳಿಯಿಂದ ದೇವನಹಳ್ಳಿವರೆಗೆ ಇರುವ ಹಳ್ಳಿಗಳೆಲ್ಲ ಳದಲ್ಲೇ ನಿಲ್ಲುತ್ತವೆ. ಗೋಕರ್ಣ, ರೋಣ, ಚನ್ನಪಟ್ಟಣ, ಶ್ರೀರಂಗಪಟ್ಟಣ ಹೇಳಿದರೆ ಣ. ಇವನ್ನೆಲ್ಲ ಗೆಲುವು ಅಂತ ಲೆಕ್ಕ ಹಾಕಿದರೆ ಆಟ ಎರಡು ನಿಮಿಷವೂ ನಡೆಯುವುದಿಲ್ಲ. ನಿಮ್ಮ ತಮ್ಮನವರಿಗೆ ನನ್ನ ಪರವಾಗಿ ಇಷ್ಟು ಹೇಳಿ.

ಪರಿಹಾರ ಸುಲಭ. ಳ ಬಂದರೆ ಲ, ಣ ಬಂದರೆ ನ ಹಿಡಿಯಿರಿ. ಕೊಪ್ಪಳ ಅಂದರೆ ಲಕ್ಕುಂಡಿ, ಲಿಂಗಸುಗೂರು, ಲಕ್ಷ್ಮೇಶ್ವರ. ಗೋಕರ್ಣ ಅಂದರೆ ನರಗುಂದ, ನಂಜನಗೂಡು, ನಿಪ್ಪಾಣಿ. ಇದು ನಾನು ಕಟ್ಟಿದ ನಿಯಮವಲ್ಲ, ಎಷ್ಟೋ ಮನೆಗಳಲ್ಲಿ ಹೀಗೇ ಆಡುತ್ತಾರೆ. ನಿಮ್ಮ ಮನೆಯಲ್ಲಿ ನಾಮಕರಣ ಇದೆ ಅಂದಿರಲ್ಲ, ಪಂಚಾಂಗ ತೆಗೆದು ನೋಡಿ. ಹಸ್ತ ನಕ್ಷತ್ರದ ನಾಲ್ಕು ಪಾದಗಳಿಗೆ ಪೂ, ಷ, ಣ, ಠ ಅಂತ ಕೊಟ್ಟಿರುತ್ತಾರೆ. ಮೂರನೇ ಪಾದದಲ್ಲಿ ಹುಟ್ಟಿದ ಮಗುವಿಗೆ ಣದಿಂದ ಹೆಸರು ಎಲ್ಲಿಂದ ತರೋದು? ಹಿರಿಯರು ಬೇರೊಂದು ಅಕ್ಷರ ಹಿಡಿದು ಹೆಸರಿಡುತ್ತಾರೆ, ಮಗು ಆರಾಮಾಗಿ ಬೆಳೆಯುತ್ತದೆ. ತೊಟ್ಟಿಲ ಶಾಸ್ತ್ರಕ್ಕೇ ನಡೆಯುವ ಹೊಂದಾಣಿಕೆ ಟೆಂಪೊದಲ್ಲಿ ನಡೆಯಬಾರದೇ?

ಗುಣಿತದ ವಿಷಯ ನೀವು ಕೇಳಿಲ್ಲ, ಆದರೆ ಮುಂದಿನ ಜಗಳ ಅಲ್ಲೇ ಕಾದಿರುತ್ತದೆ. 'ಮೈಸೂರು' ಅಂದರೆ ಮುಂದಿನವರು ರು ಇಂದಲೇ ಶುರು ಮಾಡಬೇಕೋ, ರ ಸಾಕೋ? ರ ಸಾಕು. ರ, ರಾ, ರಿ, ರೋ ಯಾವುದಾದರೂ ನಡೆಯಲಿ. ರು ಇಂದಲೇ ಬೇಕು ಅಂದರೆ ಯಾವ ಊರು ಹೇಳುತ್ತೀರಿ? ಒತ್ತಕ್ಷರ ಬಂದರೆ ಕೊನೆಯಲ್ಲಿ ಕೇಳುವ ವ್ಯಂಜನ ಹಿಡಿಯಿರಿ. ಮಂಡ್ಯಕ್ಕೆ ಯ, ಆಮೇಲೆ ಯಾದಗಿರಿ. ಡ ಹಿಡಿದರೂ ಡಂಬಳ ಇದೆ ಅನ್ನಿ, ಆದರೆ ಅದು ಮತ್ತೆ ಳಕ್ಕೇ ತಂದು ನಿಲ್ಲಿಸುತ್ತದೆ.

ಊರಿನ ಅಂತ್ಯಾಕ್ಷರಿಯ ನಿಜವಾದ ಗಮ್ಮತ್ತು ಇರುವುದು ರದಲ್ಲಿ. ನಮ್ಮ ನಾಡಿನಲ್ಲಿ ಊರು, ಪುರ, ನಗರ, ಕೆರೆ, ಕೇರಿ ಎಷ್ಟು ಜಾಸ್ತಿ ನೋಡಿ. ತುಮಕೂರು, ವಿಜಯಪುರ, ತರೀಕೆರೆ, ಮಡಿಕೇರಿ, ಬೀದರ್ ಯಾವುದು ಹೇಳಿದರೂ ಎದುರಿನವರಿಗೆ ರ. ಅವರು ರಾಯಚೂರು ಅಂದರೆ ನಿಮಗೆ ವಾಪಸ್ ರ. ನೀವು ರಾಮನಗರ ಅಂದರೆ ಅವರಿಗೆ ರ. ಅವರು ರಾಣೆಬೆನ್ನೂರು ಅಂದರೆ ಮತ್ತೆ ನಿಮಗೇ. ಈ ಮೂರು ಮುಗಿದ ಮೇಲೆ ಉಳಿಯುವವರು ಯಾರು? ರಾಯಬಾಗ, ರಾಮದುರ್ಗ ಗೊತ್ತಿರುವವರು. ಅವು ಸುತ್ತನ್ನು ಮುರಿದು ಗಕ್ಕೆ ತಿರುಗಿಸುತ್ತವೆ. ರಬಕವಿ ಅಂದರೆ ವ, ರಿಪ್ಪನ್‌ಪೇಟೆ ಅಂದರೆ ಟ. ಗ ಬಂದಾಗ ಸುಮ್ನೆ 'ಗದಗ' ಅಂದುಬಿಡಿ. ಗದಲ್ಲಿ ಶುರುವಾಗಿ ಗದಲ್ಲೇ ಮುಗಿಯುವ ಊರು, ಎದುರಿನವರು ತಂದ ಗಂಟು ಅವರ ಕೈಗೇ ಹೋಗುತ್ತದೆ. ಶಿವಮೊಗ್ಗದವರು ಇದನ್ನೆಲ್ಲ ತಿಳಿದಿರಬೇಕು, ನಿಮ್ಮ ಊರೂ ಗ ಕೊಡುವ ಊರೇ ಅಲ್ವಾ?

ಹಾಡಿನ ಅಂತ್ಯಾಕ್ಷರಿ ನಿಮಗೆಲ್ಲ ಗೊತ್ತೇ ಇದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಲ್ಲವಿ ಪೂರ್ತಿ ಹಾಡಬೇಕು ಎಂಬ ಒಂದು ಷರತ್ತು ಇಟ್ಟುಕೊಳ್ಳಿ, ಸಾಕು.

ಬರೀ ಪದಗಳ ಆಟ ಆಡುವುದಾದರೆ ಒಂದು ಎಚ್ಚರಿಕೆ. 'ಗಳು' ಹಚ್ಚುವುದನ್ನು ಕಡ್ಡಾಯವಾಗಿ ನಿಲ್ಲಿಸಿ. ಮರಗಳು, ಮನೆಗಳು, ಲೋಟಗಳು ಅಂತ ಶುರು ಮಾಡಿದರೆ ಎಲ್ಲ ಪದವೂ ಳುದಲ್ಲಿ ಮುಗಿಯುತ್ತದೆ. ಮನೆಯಿಂದ, ಮನೆಯಲ್ಲಿ, ಮನೆಗೆ ಇವೂ ಬೇಡ. ನಿಘಂಟಿನಲ್ಲಿ ಪದ ಯಾವ ರೂಪದಲ್ಲಿ ಸಿಗುತ್ತದೋ ಅಷ್ಟೇ. ಎಮ್ಮೆಯನ್ನು 'ಯಮ್ಮೆ' ಅಂತ ಯಕ್ಕೆ ಸೇರಿಸಬಹುದೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಕ್ಕಳಿಗೆ ಕೊಟ್ಟುಬಿಡಿ, ಅವರ ಕಿವಿಗೆ ಕೇಳಿಸುವುದೇ ಹಾಗೆ. ದೊಡ್ಡವರಿಗೆ ಬೇಡ.

ಇಂಗ್ಲಿಷ್ ಪದಗಳ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಬಸ್ಸು, ಕಾರು, ರೈಲು, ಸ್ಕೂಲು, ಲಾರಿ ಎಲ್ಲವೂ ನಡೆಯಬೇಕು. ನಮ್ಮ ಮಾತಿನಲ್ಲಿ ಪದ ಸ್ವರದಲ್ಲಿ ಮುಗಿಯುವುದೇ ವಾಡಿಕೆ. ಬೇರೆ ಕಡೆಯಿಂದ ಬಂದ ಪದಕ್ಕೆ ನಾವು ಕೊನೆಗೊಂದು ಉ ಹಚ್ಚಿ ಒಳಗೆ ಕರೆದುಕೊಂಡಿದ್ದೇವೆ ಅಂದರೆ ಅದು ನಮ್ಮದಾಯಿತು. ನೀವು ದಿನಸಿ ಅಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಯೋಚನೆ ಮಾಡದೆ ಆಡುವ ಪದ ಆಟದಲ್ಲೂ ಇರಲಿ. ಮೊಮ್ಮಗನಂಥ ಮಕ್ಕಳು ಮಾತಿಗೆ ಸೇರಿಕೊಳ್ಳುವುದು ಆ ಬಾಗಿಲಿನಿಂದಲೇ.

ಈಗ ನಾಮಕರಣ. ಅಲ್ಲಿಗೆ ಸಂತೆ ಆಟ ಇಡಿ. ಜನ ಹೆಚ್ಚಿದ್ದಷ್ಟೂ ಚೆನ್ನ. ಎಲ್ಲರೂ ಸುತ್ತ ಕೂರಬೇಕು. ಮೊದಲನೆಯವರು "ಅಜ್ಜಿ ಸಂತೆಗೆ ಹೋಗಿ ಅಕ್ಕಿ ತಂದಳು" ಅನ್ನಬೇಕು. ಎರಡನೆಯವರು "ಅಜ್ಜಿ ಸಂತೆಗೆ ಹೋಗಿ ಅಕ್ಕಿ, ಆಲೂಗಡ್ಡೆ ತಂದಳು." ಮೂರನೆಯವರು ಅವೆರಡನ್ನೂ ಹೇಳಿ ಇಂಗು ಸೇರಿಸಬೇಕು. ಹೀಗೆ ಈರುಳ್ಳಿ, ಉದ್ದು, ಊದುಬತ್ತಿ, ಎಳ್ಳು, ಏಲಕ್ಕಿ. ಋ ಬಿಟ್ಟುಬಿಡಿ, ಸಂತೆಯಲ್ಲಿ ಋಣ ಒಂದೇ ಸಿಗೋದು. ಐ ಬಂದಾಗ ಯಾವುದಾದರೂ ಮಗು "ಐಸ್‌ಕ್ರೀಮ್!" ಅಂತ ಕೂಗುತ್ತದೆ, ಒಪ್ಪಿಕೊಳ್ಳಿ. ಆಮೇಲೆ ಒಣಮೆಣಸಿನಕಾಯಿ, ಓಮ, ಔಡಲ ಎಣ್ಣೆ. ಸ್ವರ ಮುಗಿದ ಮೇಲೂ ಉಳಿದಿದ್ದರೆ ಕೊಬ್ಬರಿ, ಗಸಗಸೆ, ಚಕ್ಕೆ, ಜೀರಿಗೆ ಅಂತ ಮುಂದುವರಿಸಿ. ಪಟ್ಟಿ ಮರೆತವರು ಔಟ್.

ಈ ಆಟದಲ್ಲಿ ಅಡುಗೆಮನೆಯ ಹೆಂಗಸರನ್ನು ಯಾರೂ ಸೋಲಿಸಲಾರರು. ಅವರಿಗೆ ಅದು ತಿಂಗಳ ಸಾಮಾನಿನ ಚೀಟಿ, ಕಣ್ಣು ಮುಚ್ಚಿ ಹೇಳುತ್ತಾರೆ. ಸಮಾರಂಭದ ದಿನ ಒಳಗೇ ಓಡಾಡುವವರನ್ನು ಕರೆದು ಕೂರಿಸಲು ಇದಕ್ಕಿಂತ ಒಳ್ಳೆಯ ನೆಪವಿಲ್ಲ. ಮಕ್ಕಳಿಗೂ ಲಾಭ. ಅ ಆ ಇ ಈ ಸಾಲಾಗಿ ಹೇಳಲು ತಡವರಿಸುವ ಹುಡುಗ, ಅಕ್ಕಿ ಆಲೂಗಡ್ಡೆ ಇಂಗು ಈರುಳ್ಳಿ ಅಂತ ಹತ್ತು ಸಲ ಕೇಳಿದ ಮೇಲೆ ತಾನಾಗಿಯೇ ಆ ಸಾಲು ಹಿಡಿಯುತ್ತಾನೆ. ಮೊಮ್ಮಗನನ್ನು ನಿಮ್ಮ ಜೋಡಿ ಮಾಡಿಕೊಳ್ಳಿ. ಅವನ ನೆನಪು, ನಿಮ್ಮ ಪದ. ತಡವರಿಸಿದಾಗ ಕಿವಿಯಲ್ಲಿ ಪಿಸುಗುಟ್ಟುವ ಹಕ್ಕು ಜೋಡಿಗೆ ಇದೆ ಅಂತ ಮೊದಲೇ ಸಾರಿಬಿಡಿ.

ನಿಯಮ ಯಾರು ಹೇಳಬೇಕು ಎಂಬುದೂ ಮುಖ್ಯ. ಆಟದ ನಡುವೆ ಯಾರೂ ಹೊಸ ನಿಯಮ ತೆಗೆಯಬಾರದು. ಶುರುವಿಗೆ ಮುಂಚೆ ಒಬ್ಬರು ಜೋರಾಗಿ ಹೇಳಲಿ, ಎಲ್ಲರೂ ಹೂಂ ಅನ್ನಲಿ. ತೀರ್ಪು ಕೊಡಲು ಆಡದೇ ಇರುವ ಹಿರಿಯರೊಬ್ಬರನ್ನು ಕೂರಿಸಿ. ವಾಹನದಲ್ಲಾದರೆ ದಯಮಾಡಿ ಡ್ರೈವರ್‌ನನ್ನು ತೀರ್ಪಿಗೆ ಎಳೆಯಬೇಡಿ, ಅದರಲ್ಲೂ ಆಗುಂಬೆ ಘಾಟಿಯಲ್ಲಿ.

ಕೊನೆಗೆ ನಿಮ್ಮ ಟಿ. ನರಸೀಪುರ. ಊರಿನ ಪೂರ್ತಿ ಹೆಸರು ತಿರುಮಕೂಡಲು ನರಸೀಪುರ. ಲೆಕ್ಕಕ್ಕೆ ಅದು ತ. ಆದರೆ ಬಸ್ಸಿನ ಬೋರ್ಡಿನಲ್ಲಿ, ಜನರ ಬಾಯಲ್ಲಿ ಇರುವುದು ಟಿ. ನರಸೀಪುರವೇ. ನಾನಾಗಿದ್ದರೆ ಒಪ್ಪುತ್ತೇನೆ, ಒಂದು ಆಟಕ್ಕೆ ಒಂದೇ ಸಲ. ಟಕ್ಕೆ ಹೇಳಿದವರು ತ ಬಂದಾಗ ಮತ್ತೆ ಅದೇ ಊರು ಹೇಳುವಂತಿಲ್ಲ. ಮತ್ತೆ, ಹೇಳಿದ ತಕ್ಷಣ ಎದುರಿನವರಿಗೆ ರ ಹೋಗುತ್ತದೆ. ಅಷ್ಟರಲ್ಲಿ ರಾಯಬಾಗ ಖರ್ಚಾಗಿದೆಯೋ ಇಲ್ಲವೋ ನೋಡಿಕೊಳ್ಳಿ.