ಆಟದ ದಿನ ಬಿಪಿ ಮಾತ್ರೆ ಬಿಡಬಹುದೇ?

ಮಳೆಗಾಲ ಮುಗಿದು ಟೆನಿಸ್ ಕೋರ್ಟುಗಳು ಒಣಗುತ್ತಿದ್ದಂತೆ ಕಾರವಾರ, ಕುಮಟಾ, ಶಿರಸಿಗಳಿಂದ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಬರೆಯುವವರು ಅರವತ್ತು ದಾಟಿದವರು, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು, ರಾಕೆಟ್ ಕೆಳಗಿಡಲು ಒಪ್ಪದವರು. ಕೆಳಗಿನ ಮೊದಲ ಪ್ರಶ್ನೆಗೆ ಹಿಂದೆಯೂ ಉತ್ತರಿಸಿದ್ದೇನೆ, ಆದರೂ ಅದು ಬರುವುದು ನಿಂತಿಲ್ಲ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಡುತ್ತೇನೆ. ತಂಬಾಕು ಬಿಡಿ, ತೂಕ ಇಳಿಸಿ ಎಂಬ ಮಾತುಗಳನ್ನು ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ನನಗೆ 67 ವರ್ಷ. ಒಂಬತ್ತು ವರ್ಷಗಳಿಂದ ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಕೂಡಿದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಡಬಲ್ಸ್ ಆಡುತ್ತೇನೆ. ಆಡಿ ಬಂದ ಮೇಲೆ ಮನೆಯಲ್ಲಿ ಅಳೆದರೆ ಬಿಪಿ 110/68ರ ಆಸುಪಾಸು, ಆಡದ ದಿನ 138/86 ಇರುತ್ತದೆ. ಆದ್ದರಿಂದ ಆಡುವ ದಿನ ಮಾತ್ರೆ ಬಿಡುತ್ತೇನೆ. ನಮ್ಮ ಗುಂಪಿನ ಇತರರೂ ಹಾಗೆಯೇ ಮಾಡುತ್ತಾರೆ. ಆದರೂ ಆಟ ಮುಗಿದಾಗ ಒಮ್ಮೊಮ್ಮೆ ತಲೆ ಸುತ್ತುತ್ತದೆ. ನಾನು ಮಾಡುತ್ತಿರುವುದು ಸರಿಯೇ? – ನಿವೃತ್ತ ಎಂಜಿನಿಯರ್, ಕಾರವಾರ

ಉತ್ತರ: ಸರಿಯಲ್ಲ. ನಿಮ್ಮ ಗುಂಪಿನವರೆಲ್ಲ ಮಾಡುತ್ತಾರೆ ಎಂಬುದು ನನ್ನ ಚಿಂತೆಯನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ.

ಆಡುವಾಗ ರಕ್ತದೊತ್ತಡದ ಮೇಲಿನ ಅಂಕಿ ಏರುತ್ತದೆ. ಆಟ ನಿಂತ ಮೇಲೂ ಕೈಕಾಲುಗಳ ಸ್ನಾಯುಗಳಲ್ಲಿ ಹಿಗ್ಗಿದ ರಕ್ತನಾಳಗಳು ಕೂಡಲೇ ಮೊದಲಿನ ಸ್ಥಿತಿಗೆ ಬರುವುದಿಲ್ಲವಾದ್ದರಿಂದ, ಕೆಲವು ಗಂಟೆಗಳ ಕಾಲ ಒತ್ತಡವು ನಿಮ್ಮ ಸಹಜ ಮಟ್ಟಕ್ಕಿಂತ ಕೆಳಗಿರುತ್ತದೆ. ನೀವು ಕಂಡ 110/68 ಇದೇ. ಅದು ವ್ಯಾಯಾಮದ ನಿಜವಾದ ಲಾಭವೇ ಆದರೂ ಸಂಜೆಯ ಹೊತ್ತಿಗೆ ಕರಗಿಹೋಗುವ ಲಾಭ. ಇಳಿತದ ಹೊತ್ತಿನಲ್ಲಿ ಬಯಲಾದ ಮರಳನ್ನು ನೋಡಿ ಅಲ್ಲಿ ಮನೆಗೆ ಪಾಯ ತೋಡುವವರನ್ನು ನಮ್ಮ ಕರಾವಳಿಯಲ್ಲಿ ನಾನಂತೂ ಕಂಡಿಲ್ಲ. ವಾರಗಟ್ಟಲೆ ಬಿಡದೆ ಆಡಿದರೆ ವಿಶ್ರಾಂತಿಯ ಒತ್ತಡವೂ ಇಳಿಯುತ್ತದೆ ಎಂಬುದು ನಿಜ. ಆದರೆ ಅದು ಸಾಮಾನ್ಯವಾಗಿ ಮೇಲಿನ ಅಂಕಿಯಲ್ಲಿ 5ರಿಂದ 8ರಷ್ಟು ಇಳಿಕೆ ಮಾತ್ರ. ಹೆಚ್ಚಿನವರ ವಿಷಯದಲ್ಲಿ ಅದು ಮಾತ್ರೆಗೆ ಜೊತೆಯಾಗುತ್ತದೆ, ಮಾತ್ರೆಯ ಸ್ಥಾನವನ್ನು ತುಂಬುವುದಿಲ್ಲ.

ಇನ್ನು ನಿಮ್ಮ ಲೆಕ್ಕಾಚಾರದಲ್ಲೇ ಇರುವ ದೋಷವನ್ನು ನೋಡಿ. ಆಮ್ಲೋಡಿಪಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಟೆಲ್ಮಿಸಾರ್ಟನ್‌ಗೆ ಸುಮಾರು ಒಂದು ದಿನ. ಇಂದು ಬೆಳಿಗ್ಗೆ ಬಿಟ್ಟ ಮಾತ್ರೆಯಿಂದ ಇಂದಿನ ಆಟಕ್ಕೆ ಆಗುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ, ಏಕೆಂದರೆ ನಿನ್ನೆ ಮೊನ್ನೆ ನುಂಗಿದ್ದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಕೊರತೆ ಎದ್ದು ಕಾಣುವುದು ನಾಳೆ, ನಾಡಿದ್ದು. ಅಂದರೆ ನೀವು ಆಡದ ದಿನ ನೋಡುವ 138/86 ಬಹುಶಃ ಬಿಟ್ಟ ಮಾತ್ರೆಗಳು ತೋರಿಸುತ್ತಿರುವ ಅಂಕಿ. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಅಥವಾ ದಾಟಿದರೆ ಅದು ಅಧಿಕ ರಕ್ತದೊತ್ತಡವೇ. ವಾರದ ಏಳು ದಿನಗಳಲ್ಲಿ ನಾಲ್ಕು ದಿನ ಔಷಧವಿಲ್ಲದೆ ಇದ್ದು ಬಿಪಿ ನಿಯಂತ್ರಣದಲ್ಲಿದೆ ಎಂದು ನಂಬಿಕೊಂಡಿದ್ದೀರಿ.

ನಿಮ್ಮ ಗುಂಪಿನಲ್ಲಿ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರಿದ್ದರೆ ಅವರಿಗೆ ಈ ಭಾಗವನ್ನು ಓದಿ ಹೇಳಿ. ನಾಡಿಯನ್ನು ನಿಧಾನಗೊಳಿಸುವ ಈ ಬೀಟಾ ಬ್ಲಾಕರ್ ಮಾತ್ರೆಗಳನ್ನು ಹಠಾತ್ತಾಗಿ ನಿಲ್ಲಿಸಿದರೆ ನಾಡಿಬಡಿತ ಏರುತ್ತದೆ. ಹೃದಯದ ರಕ್ತನಾಳಗಳಲ್ಲಿ ಮೊದಲೇ ತೊಂದರೆ ಇದ್ದವರಿಗೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಕ್ಲೊನಿಡಿನ್ ಎಂಬ ಇನ್ನೊಂದು ಬಿಪಿ ಮಾತ್ರೆ ನಿಲ್ಲಿಸಿದರೆ ಒತ್ತಡವು ಮೊದಲಿಗಿಂತ ಮೇಲಕ್ಕೆ ಚಿಮ್ಮುವುದೂ ಉಂಟು. ಮಾತ್ರೆ ಬಿಟ್ಟು, ಅದೇ ದಿನ ಡ್ರಾಪ್ ಶಾಟಿನ ಹಿಂದೆ ನೆಟ್ಟಿನವರೆಗೆ ಓಡುವುದು ಅಪಾಯವನ್ನು ಕರೆದು ಕೂರಿಸಿದಂತೆ.

ತಲೆ ಸುತ್ತುವುದಕ್ಕೆ ಕಾರಣ ಹೆಚ್ಚಾಗಿ ಆಟ ಮುಗಿದ ಬಳಿಕದ ಎರಡು ನಿಮಿಷಗಳಲ್ಲಿರುತ್ತದೆ. ಕೊನೆಯ ಪಾಯಿಂಟ್ ಮುಗಿಯಿತು, ನಾಲ್ವರೂ ನೆಟ್ಟಿನ ಕಂಬದ ಬಳಿ ನಿಂತಿರಿ, ಒಬ್ಬರು ರಾಕೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆ ಚೆಂಡು ಗೆರೆಯ ಮೇಲೆ ಬಿತ್ತೋ ಹೊರಗೆ ಬಿತ್ತೋ ಎಂಬ ವಾದ ತೆಗೆದರು. ಓಡುತ್ತಿದ್ದಾಗ ರಕ್ತವನ್ನು ಮೇಲಕ್ಕೆ ಒತ್ತುತ್ತಿದ್ದ ಮೀನಖಂಡದ ಸ್ನಾಯುಗಳು ಈಗ ಸುಮ್ಮನಿವೆ, ರಕ್ತನಾಳಗಳು ಇನ್ನೂ ಹಿಗ್ಗಿಯೇ ಇವೆ. ಹೀಗಾಗಿ ರಕ್ತ ಕಾಲಿನಲ್ಲಿ ನಿಲ್ಲುತ್ತದೆ, ಮಿದುಳಿಗೆ ಹೋಗುವುದು ಕಡಿಮೆಯಾಗುತ್ತದೆ. ವಾದವನ್ನು ನಡೆಯುತ್ತ ಮಾಡಿ. ಕೋರ್ಟಿನ ಸುತ್ತ ಐದರಿಂದ ಹತ್ತು ನಿಮಿಷ ನಿಧಾನವಾಗಿ ನಡೆದ ಮೇಲೆಯೇ ಕುಳಿತುಕೊಳ್ಳಿ. ರಾತ್ರಿಯಿಡೀ ನೀರಿಲ್ಲದೆ, ಬೆಳಿಗ್ಗೆ ಒಂದು ಲೋಟ ಚಹಾ ಮಾತ್ರ ಕುಡಿದು ಆಡಲಿಳಿಯುವುದೂ ಇನ್ನೊಂದು ಕಾರಣ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಆರದೆ ಸುರಿಯುತ್ತದೆ, ಮೈ ತಣಿಯುವುದಿಲ್ಲ, ನೀರು ಮಾತ್ರ ಖಾಲಿಯಾಗುತ್ತದೆ. ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಲಿಡೋನ್‌ನಂಥ ಮೂತ್ರವರ್ಧಕ ಮಾತ್ರೆಯವರಿಗೆ ಇದು ಇನ್ನೂ ಬೇಗ ತಟ್ಟುತ್ತದೆ. ಪ್ರಾಸ್ಟೇಟ್ ತೊಂದರೆಗೆಂದು ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಿಮ್ಮ ಬಿಪಿ ವೈದ್ಯರಿಗೆ ಹೇಳಿ. ಸಂಕೋಚದಿಂದ ಬಚ್ಚಿಡುವವರೇ ಹೆಚ್ಚು, ಆದರೆ ಎದ್ದು ನಿಂತಾಗ ಒತ್ತಡ ಕುಸಿಯಲು ಆ ಮಾತ್ರೆಯೂ ಕಾರಣವಾಗುತ್ತದೆ.

ಆಡದ ದಿನ ಒಂದು ಪರೀಕ್ಷೆ ಮಾಡಿಕೊಳ್ಳಿ. ಕುಳಿತು ಅಳೆದು, ಎದ್ದು ನಿಂತು, ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಚೀಟಿಯನ್ನು ಹಿಡಿದು ವೈದ್ಯರ ಬಳಿ ಹೋಗಿ. ಪ್ರಮಾಣ ತಗ್ಗಿಸುವುದು, ಮಾತ್ರೆ ಬದಲಿಸುವುದು, ಹೊತ್ತು ಬದಲಿಸುವುದು ಅವರ ಕೆಲಸ. ಹೊತ್ತಿನ ವಿಷಯದಲ್ಲಿ ಅವರಿಗೆ ಸಾಕಷ್ಟು ಸ್ವಾತಂತ್ರ್ಯವಿದೆ: ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಪಿ ಮಾತ್ರೆಯನ್ನು ಬೆಳಿಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬೆಳಿಗ್ಗೆ ಆಡುವವರು ಆಟ ಮುಗಿಸಿ ತಿಂಡಿ ತಿಂದ ಮೇಲೆ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿದರೆ ಅವರು ಒಪ್ಪುವ ಸಾಧ್ಯತೆಯೇ ಹೆಚ್ಚು. ಕೇಳದೆ ಬಿಡುವುದಕ್ಕೂ ಕೇಳಿ ಬದಲಿಸುವುದಕ್ಕೂ ಇರುವ ಅಂತರ ಸಣ್ಣದಲ್ಲ.

ಅಳೆಯುವ ಕ್ರಮದ ಬಗ್ಗೆಯೂ ನನಗೆ ಅನುಮಾನವಿದೆ. ಜಗುಲಿಯಲ್ಲಿ ಕುಳಿತು, ಬೆವರಿದ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಕೈಯನ್ನು ಕುರ್ಚಿಯಿಂದ ಕೆಳಗೆ ಜೋತುಬಿಟ್ಟು, ಮನೆಯವರೊಡನೆ ಮಾತನಾಡುತ್ತ ಗುಂಡಿ ಒತ್ತಿದರೆ ಬರುವುದು ಬಿಪಿಯಲ್ಲ, ಒಂದು ಸಂಖ್ಯೆ. ಆಟ, ಚಹಾ, ಕಾಫಿಗಳಾಗಿ ಕನಿಷ್ಠ ಅರ್ಧ ಗಂಟೆ ಕಳೆದಿರಬೇಕು. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತು, ಬರಿದೋಳಿಗೆ ಪಟ್ಟಿ ಸುತ್ತಿ, ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿಟ್ಟು ಅಳೆಯಬೇಕು. ವಿಶ್ರಾಂತಿಯಲ್ಲಿಯೇ ಒತ್ತಡ 180/110 ಮುಟ್ಟಿದ ದಿನ ಕೋರ್ಟಿನ ಕಡೆಗೆ ಹೋಗಬೇಡಿ, ವೈದ್ಯರ ಕಡೆಗೆ ಹೋಗಿ.

ಕೊನೆಯದಾಗಿ, ನಾಲ್ಕು ತಿಂಗಳ ಮಳೆಯ ನಂತರ ಮೊದಲ ದಿನವೇ ಮೂರು ಸೆಟ್ ಆಡುವ ಚಾಳಿಯನ್ನು ಬಿಡಿ. ಕೆಲವೇ ವಾರ ಆಟ ನಿಂತರೂ ಹೃದಯದ ಕಸುವು ಇಳಿಯತೊಡಗುತ್ತದೆ, ಸೆಕೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದೆರಡು ವಾರ ಬೇಕು. ಮೊದಲ ಎರಡು ವಾರ ಬರೀ ರ‍್ಯಾಲಿ ಸಾಕು, ಅಂಕ ಎಣಿಸುವುದು ಬೇಡ. ಆಟ ಮತ್ತೆ ಆರಂಭಿಸುವ ಮೊದಲು ಬಿಪಿ ಇರುವ ಅರವತ್ತರ ಮೇಲಿನವರೆಲ್ಲ ಒಮ್ಮೆ ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಲಿ ಎಂಬುದು ನನ್ನ ಒತ್ತಾಯ. ದೊಡ್ಡ ಊರಿನ ವೈದ್ಯರು ಇದನ್ನು ಅತಿಯಾದ ಎಚ್ಚರಿಕೆ ಎಂದಾರು. ಆದರೆ ಹೃದಯದ ದೊಡ್ಡ ಚಿಕಿತ್ಸೆಗೆ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೋ, ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಗೋವಾಕ್ಕೋ ಗಂಟೆಗಟ್ಟಲೆ ಓಡುವ ಜಿಲ್ಲೆಯಲ್ಲಿ ಕುಳಿತು ನಾನು ಬೇರೆ ಮಾತು ಹೇಳಲಾರೆ. ಆಡುವಾಗ ಎದೆ ಭಾರವಾದರೆ, ದವಡೆಗೋ ಎಡತೋಳಿಗೋ ನೋವು ಹರಿದರೆ, ಎಂದಿಲ್ಲದ ಉಬ್ಬಸ ಬಂದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕದೆ ಅಲ್ಲಿಯೇ ಆಟ ನಿಲ್ಲಿಸಿ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಶಿರಸಿಯ ಹತ್ತಿರದ ಒಬ್ಬರು ಸರ್ಪಗಂಧದ ಬೇರಿನ ಪುಡಿ ಕೊಡುತ್ತಾರೆ. ಮೆಟೊಪ್ರೊಲಾಲ್ ಜೊತೆಗೆ ಅದನ್ನೂ ತೆಗೆದುಕೊಂಡರೆ ಬಿಪಿ ಬೇಗ ಇಳಿದು ಆಟ ಸುಧಾರಿಸುತ್ತದೆಯಂತೆ. ಹೌದೇ?

ಉತ್ತರ: ಸರ್ಪಗಂಧ ಕಟ್ಟುಕಥೆಯಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದರ ಬಗ್ಗೆ ಬರೆದ ಪ್ರಬಂಧದಿಂದ ಜಗತ್ತೇ ಆ ಬೇರಿನ ಕಡೆ ತಿರುಗಿತು, 1952ರಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ಅದು ನಿಜವಾಗಿಯೂ ಕೆಲಸ ಮಾಡುವ ಮದ್ದು ಎಂಬ ಕಾರಣಕ್ಕೇ ನಾನು ಹೆದರುತ್ತೇನೆ. ಚಮಚದ ಪುಡಿಯಲ್ಲಿ ಮದ್ದು ಎಷ್ಟಿದೆ ಎಂದು ಕೊಟ್ಟವನಿಗೂ ಗೊತ್ತಿಲ್ಲ, ನುಂಗುವ ನಿಮಗೂ ಗೊತ್ತಿಲ್ಲ. ರಿಸರ್ಪಿನ್ ನಾಡಿಯನ್ನು ನಿಧಾನಗೊಳಿಸುತ್ತದೆ, ಮೂಗು ಕಟ್ಟಿಸುತ್ತದೆ, ಕೆಲವರನ್ನು ಖಿನ್ನತೆಗೆ ತಳ್ಳುತ್ತದೆ. ಈಗಾಗಲೇ ಮೆಟೊಪ್ರೊಲಾಲ್‌ನಿಂದ ನಿಧಾನವಾಗಿರುವ ನಾಡಿಗೆ ಇದನ್ನೂ ಸೇರಿಸಿದರೆ ಆಟ ಸುಧಾರಿಸುವುದಲ್ಲ, ನೀವು ಕೋರ್ಟಿನಲ್ಲಿ ಕುಸಿದು ಬೀಳುತ್ತೀರಿ. ಪುಡಿ ಕೊಟ್ಟವರು ಆಗ ಹತ್ತಿರದಲ್ಲಿರುವುದಿಲ್ಲ.

ಪ್ರಶ್ನೆ: ಆಡಿದ ಮೇಲೆ ಭುಜ ಹಿಡಿದುಕೊಳ್ಳುತ್ತದೆ. ಔಷಧದ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ವಾರದಲ್ಲಿ ಮೂರ್ನಾಲ್ಕು ಸಲ ನುಂಗುತ್ತೇನೆ. ತೊಂದರೆ ಇದೆಯೇ?

ಉತ್ತರ: ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ರಕ್ತದೊತ್ತಡವನ್ನು ಏರಿಸುತ್ತವೆ, ಬಿಪಿ ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ಟೆಲ್ಮಿಸಾರ್ಟನ್, ಮೂತ್ರವರ್ಧಕ, ನೋವಿನ ಮಾತ್ರೆ ಈ ಮೂರೂ ಬೆವರಿ ಬತ್ತಿದ ದೇಹದಲ್ಲಿ ಕೂಡಿದರೆ ಮೂತ್ರಪಿಂಡ ದಿಢೀರನೆ ಕೈಕೊಡಬಹುದು. ಹಚ್ಚುವ ಮುಲಾಮು ಬಳಸಿ, ಒಂದು ವಾರ ಸರ್ವ್ ಮಾಡುವುದನ್ನು ನಿಲ್ಲಿಸಿ. ಶೀತದ ಮಾತ್ರೆ ಕೊಳ್ಳುವಾಗಲೂ ಫಿನೈಲೆಫ್ರಿನ್ ಇದೆಯೇ ಎಂದು ಓದಿ ನೋಡಿ, ಅದೂ ಬಿಪಿ ಏರಿಸುವಂಥದ್ದೇ.

ಪ್ರಶ್ನೆ: ಬಿಪಿ ಇದ್ದವರು ಭಾರ ಎತ್ತಬಾರದು ಎಂದು ಜಿಮ್ಮಿನವರು ಹೇಳುತ್ತಾರೆ. ನನಗೆ 61 ವರ್ಷ, ಕಾಲಿನ ಬಲ ಕಡಿಮೆಯಾಗಿದೆ. – ಗೃಹಿಣಿ, ಶಿರಸಿ

ಉತ್ತರ: ಅದು ಹಳೆಯ ಮಾತು, ತಾಯಿ. ಬಿಪಿ ನಿಯಂತ್ರಣದಲ್ಲಿದ್ದರೆ ಹಗುರ ಭಾರ ಎತ್ತಬಹುದು. ಆದರೆ ಉಸಿರು ಬಿಗಿಹಿಡಿಯಬಾರದು, ಎತ್ತುವಾಗ ಉಸಿರು ಹೊರಬಿಡಬೇಕು. ಸರ್ವ್ ಹೊಡೆಯುವಾಗಲೂ ಇದೇ ನಿಯಮ. ಗೋಡೆಗೆ ಬೆನ್ನು ಕೊಟ್ಟು ಮಂಡಿ ಮಡಿಸಿ ಕುರ್ಚಿಯಲ್ಲಿ ಕುಳಿತಂತೆ ನಿಲ್ಲುವ ವ್ಯಾಯಾಮವನ್ನು ವಾರಕ್ಕೆ ಮೂರು ದಿನ, ಪ್ರತಿ ಬಾರಿ ಎರಡು ನಿಮಿಷದಂತೆ ನಾಲ್ಕು ಸಲ, ನಡುನಡುವೆ ವಿಶ್ರಾಂತಿ ಕೊಟ್ಟು ಮಾಡಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ನಡೆದ ವಿಶ್ಲೇಷಣೆಯಲ್ಲಿ, ಒತ್ತಡ ಇಳಿಸುವುದರಲ್ಲಿ ಇಂಥ ಅಲುಗಾಡದ ವ್ಯಾಯಾಮಗಳೇ ಮುಂದಿದ್ದವು. ಮೊದಮೊದಲು ಎರಡು ನಿಮಿಷ ಆಗದಿದ್ದರೆ ಮಂಡಿಯನ್ನು ಕಡಿಮೆ ಮಡಿಸಿ.

ಪ್ರಶ್ನೆ: ಟೆನಿಸ್ ಆಡಿದರೆ ಆಯುಷ್ಯ ಹತ್ತು ವರ್ಷ ಹೆಚ್ಚುತ್ತದೆ ಎಂದು ಓದಿದೆ.

ಉತ್ತರ: ಅದು 2018ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನದ ಮಾತು, ಅಂಕಿ 9.7 ವರ್ಷ. ಆದರೆ ಟೆನಿಸ್ ಆಡುವವರು ಹೆಚ್ಚಾಗಿ ಸ್ಥಿತಿವಂತರು, ಓದಿದವರು, ಜೊತೆಗಾರರಿರುವವರು ಎಂಬುದನ್ನು ಮರೆಯಬೇಡಿ. ಆ ವರ್ಷಗಳನ್ನೆಲ್ಲ ರಾಕೆಟ್ ಒಂದೇ ಕೊಟ್ಟಿತು ಎಂದು ಆ ಅಧ್ಯಯನದಿಂದ ಹೇಳಲಾಗದು.

ಪ್ರಶ್ನೆ: 220ರಿಂದ ವಯಸ್ಸನ್ನು ಕಳೆದು ನಾಡಿಬಡಿತದ ಮಿತಿ ಇಟ್ಟುಕೊಳ್ಳಬಹುದೇ?

ಉತ್ತರ: ಬೀಟಾ ಬ್ಲಾಕರ್ ನುಂಗುವವರಿಗೆ ಆ ಲೆಕ್ಕ ನಡೆಯದು. ಪಾಯಿಂಟುಗಳ ನಡುವೆ ಒಂದು ಪೂರ್ತಿ ವಾಕ್ಯ ಆಡಲು ಉಸಿರು ಸಾಲದಿದ್ದರೆ ಆಟದ ಬಿರುಸು ನಿಮಗೆ ಹೆಚ್ಚಾಯಿತು ಎಂದು ತಿಳಿಯಿರಿ.

ಪ್ರಶ್ನೆ: ಸಾಣಿಕಟ್ಟೆಯ ಉಪ್ಪಿನಿಂದ ಬಿಪಿ ಏರುವುದಿಲ್ಲವಂತೆ, ನಿಜವೇ?

ಉತ್ತರ: ಸಾಣಿಕಟ್ಟೆಯ ಗಜನಿಯ (ಉಪ್ಪುನೀರಿನ ಗದ್ದೆಯ) ಉಪ್ಪಾಗಲಿ ಪೊಟ್ಟಣದ ಉಪ್ಪಾಗಲಿ, ಸೋಡಿಯಂ ಒಂದೇ. ಒಣಮೀನು, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳಗಳಲ್ಲಿ ಇರುವುದನ್ನೂ ಸೇರಿಸಿ ದಿನಕ್ಕೆ 5 ಗ್ರಾಂ ಒಳಗಿರಲಿ.

ಪ್ರಶ್ನೆ: ಆಟದ ನಡುವೆ ಸೀಯಾಳ ಕುಡಿಯಬಹುದೇ?

ಉತ್ತರ: ಮೂತ್ರಪಿಂಡ ಚೆನ್ನಾಗಿದ್ದವರು ಧಾರಾಳವಾಗಿ ಕುಡಿಯಿರಿ. ಮೂತ್ರಪಿಂಡದ ತೊಂದರೆ ಇದ್ದು ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ನುಂಗುವವರು ರಕ್ತದ ಪೊಟ್ಯಾಸಿಯಂ ಪರೀಕ್ಷಿಸಿಕೊಳ್ಳದೆ ಮುಟ್ಟಬೇಡಿ, ಸೀಯಾಳದಲ್ಲಿ ಅದು ಹೆಚ್ಚು.

ಪ್ರಶ್ನೆ: ತಾಮ್ರದ ಬಳೆ?

ಉತ್ತರ: ಕೈಗೆ ಚೆಂದ. ಬಿಪಿಗೆ ಸಂಬಂಧವಿಲ್ಲ.

ಪ್ರಶ್ನೆ: ಮಗ ಕೊಡಿಸಿದ ಸ್ಮಾರ್ಟ್ ವಾಚಿನಲ್ಲಿ ಬಿಪಿಯೂ ಕಾಣುತ್ತದೆ. ಅದನ್ನೇ ನಂಬಬಹುದೇ?

ಉತ್ತರ: ನಂಬಬೇಡಿ. ತೋಳಿಗೆ ಪಟ್ಟಿ ಸುತ್ತುವ ಯಂತ್ರ ಕೊಳ್ಳಿ, ಪಟ್ಟಿ ನಿಮ್ಮ ತೋಳಿನ ಅಳತೆಗೆ ಸರಿಯಾಗಿದೆಯೇ ಎಂದು ಅಂಗಡಿಯಲ್ಲೇ ಸುತ್ತಿ ನೋಡಿ.