ಸೆರಗು ಸರಿ ಮಾಡಿಕೊಳ್ಳುವಷ್ಟು ಹೊತ್ತು

ಕೊಡಗಿನ ಸಿದ್ದಾಪುರದಿಂದ ಬರೆದಿರುವ ಶಿಕ್ಷಕಿಯವರಿಗೆ, ನಮಸ್ಕಾರ.

ಬೆಂಗಳೂರಿನ ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್ ಅವರ ನಾಲ್ಕು ದಶಕಗಳ ಕೆಲಸದ ಬಗ್ಗೆ ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಸಿಟ್ಟಾಗಿದ್ದೀರಿ. “ಬಡವರ ಕಣ್ಣೀರು ತೋರಿಸಿ ಹೆಸರು ಮಾಡಿದವರನ್ನು ಯಾಕೆ ಹೊಗಳುತ್ತೀರಿ? ನಮ್ಮ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಗೆ ಕ್ಯಾಮೆರಾ ಹಿಡಿದು ಬಂದವರಲ್ಲಿ ಒಬ್ಬರಾದರೂ ಎರಡನೇ ಸಲ ಬಂದದ್ದನ್ನು ನಾನು ಕಂಡಿಲ್ಲ. ಇಂಥ ಚಿತ್ರಗಳೇ ಬೇಡ” ಎಂದು ಬರೆದಿದ್ದೀರಿ.

ಎರಡನೇ ಸಲ ಯಾರೂ ಬರುವುದಿಲ್ಲ ಎಂಬ ಮಾತಿಗೆ ಎದುರಾಡುವ ಬಾಯಿ ನನಗಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಕ್ಯಾಮೆರಾಗಳು ಬಂದವು. ಅಲ್ಲಿಂದೆದ್ದ ಕುಟುಂಬಗಳು ಬ್ಯಾಡಗೊಟ್ಟಕ್ಕೂ ಬಸವನಹಳ್ಳಿಗೂ ಹೋದ ಮೇಲೆ ಮಳೆಗಾಲ ಹೇಗೆ ಕಳೆಯುತ್ತಾರೆ, ಕೂಲಿಗೆ ಎಲ್ಲಿಗೆ ಹೋಗುತ್ತಾರೆ ಎಂದು ನೋಡಿಬರಲು ನಾವೂ ಹೋಗಲಿಲ್ಲ.

ಅದಕ್ಕಿಂತ ದೊಡ್ಡ ತಪ್ಪನ್ನೂ ಮಾಡಿದ್ದೇವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ, ಪರಿಹಾರ ಕೇಂದ್ರವೊಂದರಲ್ಲಿ ಅಳುತ್ತ ಕೂತಿದ್ದ ಅಜ್ಜಿಯೊಬ್ಬರ ಚಿತ್ರವನ್ನು ಮುಖಪುಟಕ್ಕೆ ಹಾಕಿದೆವು. ಒಪ್ಪಿಗೆ ಹಾಗಿರಲಿ, ಹೆಸರನ್ನೂ ಕೇಳಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವರ ನೆಂಟರೊಬ್ಬರಿಂದ ಗುರುತು ಸಿಕ್ಕಿ, ಹೋಗಿ ಕಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕುಡಿಯಲು ಕಾಫಿ ಕೊಟ್ಟರು. ಆಮೇಲೆ, “ಒಂದು ಮಾತು ಹೇಳಿದ್ದರೆ ಸೆರಗಾದರೂ ಸರಿ ಮಾಡಿಕೊಳ್ಳುತ್ತಿದ್ದೆ ಮಗಾ” ಎಂದರು. ಆ ಸಂಚಿಕೆಯನ್ನು ನಾನು ಮತ್ತೆ ತೆರೆದಿಲ್ಲ.

ದೀಪಾ ಅವರ ಬಗ್ಗೆ ಬರೆಸಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ. 1980ರಲ್ಲಿ ಗೆಳೆಯರ ಜೊತೆ ‘ಯುಗಾಂತರ್’ ಎಂಬ ತಂಡ ಕಟ್ಟಿದ ಅವರು ಮೊದಲು ಚಿತ್ರ ಮಾಡಿದ್ದು ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ. 1982ರ ಚಿತ್ರಕ್ಕಾಗಿ ನಮ್ಮದೇ ರಾಜ್ಯದ ನಿಪ್ಪಾಣಿಗೆ ಹೋದರು. ಹೊಗೆಸೊಪ್ಪಿನ ಕಾರ್ಖಾನೆಯ ದೂಳು ಕುಡಿಯುತ್ತ ದುಡಿಯುತ್ತಿದ್ದ ಹೆಂಗಸರು ಸಂಘ ಕಟ್ಟಿ ಮಾಲೀಕರ ಎದುರು ನಿಂತ ಕತೆ ಅದು. ಚಿತ್ರ ಮೂಡಿದ್ದು ಆ ಹೆಂಗಸರ ಜೊತೆ ಕೂತು, ಮಾತಾಡಿ. ಮುಗಿದ ಮೇಲೆ ಹೋದದ್ದೂ ಅಂಥವರ ಸಂಘಗಳಿಗೆ, ಸಭೆಗಳಿಗೆ. ಕುಟುಂಬ ಯೋಜನೆಯ ಹೆಸರಿನಲ್ಲಿ ಬಡ ಹೆಂಗಸರ ದೇಹದ ಮೇಲೆ ನಡೆದದ್ದನ್ನು ತೋರಿಸಿದ 1991ರ ‘ಸಮ್‌ಥಿಂಗ್ ಲೈಕ್ ಎ ವಾರ್’ ನೋಡಿ. ಒಂದು ಕಡೆ ಶಸ್ತ್ರಚಿಕಿತ್ಸೆಗೆ ಮಲಗಿಸಿದ ಹೆಂಗಸರು. ಇನ್ನೊಂದು ಕಡೆ ಹೆಂಗಸರು ಸುತ್ತ ಕೂತು ಮುಟ್ಟು, ಹೆರಿಗೆ, ಆಸೆ ಎಲ್ಲದರ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ, ನಗುತ್ತಾರೆ. ಎಲ್ಲರೂ ಬಂದು ಎಣಿಸಿಕೊಂಡು ಹೋಗುತ್ತಿದ್ದವರನ್ನು ಇವರು ಕೂರಿಸಿ ಕೇಳಿದರು. ಅಜ್ಜಿ ನನ್ನಿಂದ ಬಯಸಿದ್ದೂ ಅಷ್ಟೇ ಹೊತ್ತನ್ನು.

ಸಾಕ್ಷ್ಯಚಿತ್ರದಲ್ಲಿ ದುಡ್ಡೆಲ್ಲಿದೆ ಎಂಬ ಸಮಜಾಯಿಷಿಯನ್ನು ನಾನು ಕೊಡುವುದಿಲ್ಲ. ಹೆಸರೂ ಒಂದು ಸಂಪಾದನೆಯೇ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಸಣ್ಣ ವಿವರ: ಹಾಜರಿ ಬರೆದುಕೊಳ್ಳುವ ತೋಟದ ಗುಮಾಸ್ತ, ಅಂದರೆ ರೈಟರ್, ಪಕ್ಕದಲ್ಲಿ ನಿಂತಿರುವಾಗ ಯರವ ಆದಿವಾಸಿ ಹೆಂಗಸೊಬ್ಬಳು ಕ್ಯಾಮೆರಾ ಮುಂದೆ “ಎಲ್ಲಾ ಚೆನ್ನಾಗಿದೆ” ಎಂದದ್ದು. ಮನೆ ಸಾಹುಕಾರರದು, ಕೆಲಸ ಅವರದು, ಮಗುವಿಗೆ ಜ್ವರ ಬಂದರೆ ಮುಂಗಡ ಕೇಳಬೇಕಾದದ್ದೂ ಅವರನ್ನೇ. ಚಿತ್ರ ಮಾಡುವವರು ಸಂಜೆ ಮಡಿಕೇರಿಗೆ ಹೋಗಿ ಮಲಗುತ್ತಾರೆ, ಅವಳು ಮಾರನೇ ಬೆಳಿಗ್ಗೆ ಅದೇ ರೈಟರ್ ಮುಂದೆ ಹಾಜರಿ ಹಾಕಿಸಬೇಕು. ಅಂಥ ಕಡೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದವನ್ನು ಒಪ್ಪಿಗೆ ಎನ್ನಲಾರೆ. ಅವಳ ಭಾಷೆ ಬಲ್ಲವರು ಜೊತೆಗಿರಬೇಕು, ಮಾತು ತೋಟದ ಗೇಟಿನ ಹೊರಗೆ ನಡೆಯಬೇಕು. ನಾಳೆ ಅವಳು ‘ಬೇಡ’ ಎಂದರೆ ತೆಗೆದದ್ದನ್ನು ಅಳಿಸಲು ತಯಾರಿರಬೇಕು.

ಆದರೆ ಚಿತ್ರಗಳೇ ಬೇಡ ಎಂಬುದನ್ನು ಮಾತ್ರ ಒಪ್ಪಲಾರೆ. ಯಾರೂ ಬರದಿದ್ದರೆ ಲೈನ್ ಮನೆಯ ಬಗ್ಗೆ ಮಾತಾಡಲು ಉಳಿಯುವವರು ಆ ರೈಟರ್ ಒಬ್ಬರೇ.

ಒಂದು ಕೋರಿಕೆ. ನಿಪ್ಪಾಣಿಯ ಚಿತ್ರವನ್ನು ನಿಮ್ಮೂರಿನಲ್ಲಿ ತೋರಿಸಲು ಅನುಮತಿ ಕೇಳಿ ಬರೆಯುತ್ತಿದ್ದೇನೆ. ಅದರ ಮಾತು ಮರಾಠಿ. ಪಕ್ಕದಲ್ಲಿ ಕೂತು ಯರವ ಭಾಷೆಯಲ್ಲಿ ಬಿಡಿಸಿ ಹೇಳಬಲ್ಲ ಹುಡುಗಿಯರು ನಿಮ್ಮ ಶಾಲೆಯಲ್ಲಿ ಇದ್ದಾರೆಯೇ? ಕನ್ನಡದಲ್ಲಿ ಬರೆದ ಸಂಭಾಷಣೆಯನ್ನು ಮೊದಲೇ ಕಳಿಸುತ್ತೇನೆ. ಕಾಫಿ ಕುಯ್ಲು ಮುಗಿದ ಮೇಲೆ, ಹೆಂಗಸರಿಗೆ ಬಿಡುವಾಗುವ ದಿನ ಯಾವುದೆಂದು ಅವರನ್ನೇ ಕೇಳಿ ತಿಳಿಸಿ. ಪ್ರೊಜೆಕ್ಟರ್, ಪರದೆ ನಾನು ತರುತ್ತೇನೆ.

– ಸಂಪಾದಕ